ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ, ತಾತ್ಪರ್ಯ: ಕನ್ನಡ ಲಿಪಿಯ ಲೈಬ್ರರಿ ಅವಲಂಬನೆಗಳ ಚರಿತ್ರೆ

1. ಪ್ರವೇಶ

ಬೇಲೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಬಿಕ್ಕೋಡಿನ ಹೆಸರು ಗಣಕದ ಸ್ಮೃತಿಯಲ್ಲಿ ಎಂಟು ಸಂಕೇತಗಳ ಸಾಲಾಗಿ ನಿಲ್ಲುತ್ತದೆ: ಬಕಾರ, ಇಕಾರದ ಚಿಹ್ನೆ, ಕಕಾರ, ವಿರಾಮ, ಮತ್ತೊಂದು ಕಕಾರ, ಓಕಾರದ ಚಿಹ್ನೆ, ಡಕಾರ, ಉಕಾರದ ಚಿಹ್ನೆ. ಓದುವವರ ಕಣ್ಣಿಗೆ ಕಾಣುವುದು ಮೂರೇ ಅಕ್ಷರಗಳು. ಸಂಕೇತಗಳ ಕ್ರಮ ಉಚ್ಚಾರಣೆಯ ಕ್ರಮ. ಅಕ್ಷರಗಳ ಕ್ರಮ ಬರವಣಿಗೆಯ ಕ್ರಮ. ಎರಡನೆಯ ಕಕಾರ ಒತ್ತಾಗಿ ಕೆಳಗಿಳಿಯಬೇಕು. ಅದರ ನಂತರ ಸಂಗ್ರಹವಾದ ಓಕಾರದ ಚಿಹ್ನೆ ಹಿಂದಕ್ಕೆ ಸರಿದು ಮೊದಲನೆಯ ಕಕಾರಕ್ಕೆ ಅಂಟಿಕೊಳ್ಳಬೇಕು. ಕನ್ನಡ ಬಲ್ಲವರ ಕೈ ಯೋಚಿಸದೆ ಮಾಡುವ ಈ ಕೆಲಸವನ್ನು ಗಣಕದಲ್ಲಿ ಮಾಡುವುದು ಪಠ್ಯ ಸಂಪಾದಕವೂ ಅಲ್ಲ, ಕೇವಲ ಅಕ್ಷರವಿನ್ಯಾಸದ ಫಾಂಟ್ ಕೂಡ ಅಲ್ಲ. ಅನೇಕ ತಂತ್ರಾಂಶಗಳು ಹಂಚಿಕೊಂಡು ಬಳಸುವ ಲೈಬ್ರರಿಯೊಂದು ಅದನ್ನು ನಿರ್ವಹಿಸುತ್ತದೆ.

ಆ ಲೈಬ್ರರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಸಾಮಾನ್ಯವಾಗಿ ತಂತ್ರಜ್ಞರ ಪ್ರಶ್ನೆ. ಕಮಾಂಡ್ ಲೈನ್ ಮೂಲಕ ತಂತ್ರಾಂಶವನ್ನು ಸ್ಥಾಪಿಸುವವರು ಪ್ರತಿನಿತ್ಯ ಅದನ್ನು ಎದುರಿಸುತ್ತಾರೆ, ಪರಿಹರಿಸಿಕೊಂಡು ಮುಂದೆ ಹೋಗುತ್ತಾರೆ. ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ಕನ್ನಡ ಭಾಷಾಧ್ಯಯನದ ಒಳಗೆ ತಂದು ನೋಡುತ್ತೇವೆ. ನಮ್ಮ ವಾದ ಇಷ್ಟು: ಕೆಲಸವನ್ನು ನಿಲ್ಲಿಸಿ ದೋಷಸೂಚನೆ ನೀಡುವ ಕೊರತೆ ಕನ್ನಡಕ್ಕೆ ಅಷ್ಟಾಗಿ ಹಾನಿ ಮಾಡಿಲ್ಲ, ಕೆಲಸವನ್ನು ಮುಂದುವರಿಯಲು ಬಿಟ್ಟು ಕನ್ನಡವನ್ನು ಮಾತ್ರ ಸದ್ದಿಲ್ಲದೆ ಕೆಡಿಸುವ ಕೊರತೆಯೇ ಹೆಚ್ಚು ಹಾನಿಕರ. ಈ ಎರಡನೆಯ ಬಗೆಯ ಕೊರತೆಗೆ ಒಂದು ಚರಿತ್ರೆಯಿದೆ.

2. ಪರಿಭಾಷೆ ಮತ್ತು ಹಿನ್ನೆಲೆ

ಲೈಬ್ರರಿ ಎಂಬುದಕ್ಕೆ ‘ಗ್ರಂಥಾಲಯ’ ಎಂಬ ಅನುವಾದ ಕೆಲವೆಡೆ ಬಳಕೆಯಲ್ಲಿದ್ದರೂ ಈ ಸಂದರ್ಭದಲ್ಲಿ ಅದು ದಾರಿ ತಪ್ಪಿಸುತ್ತದೆ. ಇಲ್ಲಿ ಯಾರೂ ಓದಲು ಹೋಗುವುದಿಲ್ಲ; ಸಿದ್ಧಪಡಿಸಿಟ್ಟ ಕಾರ್ಯವಿಧಾನಗಳನ್ನು ಬೇರೆ ಬೇರೆ ತಂತ್ರಾಂಶಗಳು ಎರವಲು ಪಡೆಯುತ್ತವೆ. ಆದ್ದರಿಂದ ನಾವು ಲೈಬ್ರರಿ ಎಂಬ ರೂಢಿಯ ಪದವನ್ನೇ ಉಳಿಸಿಕೊಂಡಿದ್ದೇವೆ. ಒಂದು ತಂತ್ರಾಂಶ ಇನ್ನೊಂದನ್ನು ಬೇಡುವ ಸಂಬಂಧಕ್ಕೆ ‘ಅವಲಂಬನೆ’ ಎಂಬ ಪದ ಸಾಕು.

ಪ್ರತಿಯೊಂದು ತಂತ್ರಾಂಶವೂ ತನಗೆ ಬೇಕಾದುದೆಲ್ಲವನ್ನೂ ತನ್ನೊಳಗೇ ಹೊತ್ತುಕೊಂಡಿದ್ದ ಕಾಲದಲ್ಲಿ ಈ ಸಮಸ್ಯೆ ಇರಲಿಲ್ಲ. 1988ರ ಸನ್‌ಓಎಸ್ 4.0ರಂತಹ ವ್ಯವಸ್ಥೆಗಳಲ್ಲಿ ಹಂಚಿಕೆಯ ಲೈಬ್ರರಿಗಳು ಬಳಕೆಗೆ ಬಂದವು. ಸ್ಮೃತಿಯೂ ಡಿಸ್ಕಿನ ಜಾಗವೂ ಉಳಿದವು. ಒಂದೆಡೆ ದೋಷ ತಿದ್ದಿದರೆ ಎಲ್ಲೆಡೆ ತಿದ್ದಿದಂತಾಯಿತು. ಅದರೊಡನೆ ಹೊಸ ಅಪಾಯವೂ ಬಂತು: ಬೇಡಿದ ಲೈಬ್ರರಿ ಆ ಗಣಕದಲ್ಲಿ ಇಲ್ಲದೆ ಹೋಗಬಹುದು. 1993ರಲ್ಲಿ ಆರಂಭವಾದ ಡೆಬಿಯನ್ ಯೋಜನೆಯ ‘ಡಿಪಿಕೆಜಿ’ ಪ್ರತಿ ಪ್ಯಾಕೇಜಿನ ಅವಲಂಬನೆಗಳನ್ನು ಬರೆದಿಡುವ ಪದ್ಧತಿಯನ್ನು ಗಟ್ಟಿಗೊಳಿಸಿತು; ಆದರೆ ಇಲ್ಲದ್ದನ್ನು ತಾನಾಗಿ ತರಿಸಿಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. ಮಾರ್ಚ್ 1999ರ ಡೆಬಿಯನ್ 2.1ರೊಂದಿಗೆ ಬಂದ ‘ಎಪಿಟಿ’ ಅವಲಂಬನೆಗಳ ಸರಪಳಿಯನ್ನು ಕೊನೆಯವರೆಗೆ ಹಿಂಬಾಲಿಸಿ ಎಲ್ಲವನ್ನೂ ತರಿಸತೊಡಗಿತು.

ಡೆಬಿಯನ್ನಿನ ನಿಯಮಾವಳಿ ಅವಲಂಬನೆಗಳನ್ನು ಮೂರು ಮುಖ್ಯ ದರ್ಜೆಗಳಲ್ಲಿ ಹೇಳುತ್ತದೆ. ಕನ್ನಡದ ವಿಧ್ಯರ್ಥ ರೂಪಗಳಲ್ಲಿ ಅವು ಚೆನ್ನಾಗಿ ಹೊಂದುತ್ತವೆ: ‘ಬೇಕೇ ಬೇಕು’, ‘ಇರಬೇಕು’, ‘ಇರಬಹುದು’. ಮೊದಲನೆಯದು ಇಲ್ಲದೆ ಪ್ಯಾಕೇಜು ಕೆಲಸಕ್ಕೆ ಸಿದ್ಧವಾಗುವುದಿಲ್ಲ. ಎರಡನೆಯದು ಅಪರೂಪದ ಸಂದರ್ಭಗಳನ್ನು ಬಿಟ್ಟರೆ ಜೊತೆಗಿರತಕ್ಕದ್ದು. 2009ರ ಡೆಬಿಯನ್ 5.0ರಿಂದ ಎಪಿಟಿ ಇದನ್ನೂ ತಾನಾಗಿಯೇ ತರಿಸುತ್ತದೆ, ಆದರೆ ಜಾಗ ಉಳಿಸಬಯಸುವವರು ಒಂದು ಸೂಚನೆಯಿಂದ ಅದನ್ನು ತಡೆಯಬಹುದು. ಮೂರನೆಯದು ಬಳಕೆದಾರರ ಇಚ್ಛೆಗೆ ಬಿಟ್ಟದ್ದು. ಕನ್ನಡಕ್ಕೆ ಬೇಕಾದ ಲೈಬ್ರರಿಗಳು ಈ ಮೂರರಲ್ಲಿ ಯಾವ ದರ್ಜೆಗೆ ಸೇರಿದವು ಎಂಬುದೇ ಮುಂದಿನ ಚರ್ಚೆಯ ಕೇಂದ್ರ.

3. ಅಚ್ಚುಮೊಳೆಯಿಂದ ಲೈಬ್ರರಿಯವರೆಗೆ

ಲಿಪಿ ತನ್ನ ಹೊರಗಿನ ಸಾಧನವನ್ನು ಅವಲಂಬಿಸುವುದು ಗಣಕದೊಂದಿಗೆ ಹುಟ್ಟಿದ್ದಲ್ಲ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 5ನೆಯ ಸಂಪುಟ, ಅಂದರೆ ಬೇಲೂರು ಸೀಮೆಯೂ ಸೇರಿದ ಹಾಸನ ಜಿಲ್ಲೆಯ ಶಾಸನಗಳ ಸಂಪುಟ, 1902ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಬಳಕೆಯಿಂದ ಬಿಟ್ಟುಹೋದ ೞ, ಱ ಅಕ್ಷರಗಳನ್ನು ಅಚ್ಚಿಸಬೇಕಾದರೆ ಅವುಗಳ ಮೊಳೆ ಪೆಟ್ಟಿಗೆಯಲ್ಲಿ ಇರಲೇಬೇಕು. ಮೊಳೆ ಇಲ್ಲದಿದ್ದರೆ ಆ ಜಾಗ ಖಾಲಿ ಉಳಿಯುತ್ತದೆ, ಕೊರತೆ ಕೈಗೆ ತಾಗುತ್ತದೆ.

1990ರ ದಶಕದ ಕನ್ನಡ ಗಣಕ ಬರವಣಿಗೆಯಲ್ಲಿ ಅವಲಂಬನೆ ಪೂರ್ತಿಯಾಗಿ ಫಾಂಟಿನ ಮೇಲೆ ಬಿತ್ತು. 1998ರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಮುಂತಾದವುಗಳಲ್ಲಿ ಅಕ್ಷರದ ತುಂಡುಗಳನ್ನು ಲ್ಯಾಟಿನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂಡಿಸಿ, ಕಣ್ಣಿಗೆ ಕಾಣುವ ಕ್ರಮದಲ್ಲೇ ಸಂಗ್ರಹಿಸುವ ಪದ್ಧತಿಯಿತ್ತು. ಇದಕ್ಕೆ ಯಾವ ಲೈಬ್ರರಿಯೂ ಬೇಕಿರಲಿಲ್ಲ. ಅಂದಿನ ಗಣಕಗಳಲ್ಲಿ ಕನ್ನಡವನ್ನು ಸಾಧ್ಯವಾಗಿಸಿದ್ದು ಈ ಜಾಣತನವೇ. ಆದರೆ ಫಾಂಟ್ ಇಲ್ಲದ ಗಣಕದಲ್ಲಿ ಕನ್ನಡ ಪುಟ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿಯಾಗುತ್ತಿತ್ತು. ಪದವನ್ನು ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು ಕಷ್ಟವಾಗಿತ್ತು. ಇಲ್ಲಿಯೂ ಕೊರತೆ ಕಣ್ಣಿಗೆ ಹೊಡೆಯುವಂತಿತ್ತು ಎಂಬುದನ್ನು ಗಮನಿಸಬೇಕು.

1988ರಲ್ಲಿ ರೂಪುಗೊಂಡು 1991ರಲ್ಲಿ ಭಾರತೀಯ ಮಾನಕವಾದ ‘ಇಸ್ಕಿ’ ಮತ್ತು ಅದೇ 1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್ ಬೇರೆ ದಾರಿ ಹಿಡಿದವು. ಸಂಗ್ರಹವಾಗಬೇಕಾದದ್ದು ವರ್ಣಗಳು, ಅವುಗಳ ಆಕಾರವಲ್ಲ ಎಂಬುದು ಅವುಗಳ ತತ್ತ್ವ. ಭಾಷಾಶಾಸ್ತ್ರದ ದೃಷ್ಟಿಯಿಂದ ಇದು ಸರಿಯಾದ ದಾರಿ. ಇದರ ಬೆಲೆಯಾಗಿ, ವರ್ಣಕ್ರಮವನ್ನು ಅಕ್ಷರರೂಪಕ್ಕೆ ತಿರುಗಿಸುವ ಮಧ್ಯವರ್ತಿ ಲೈಬ್ರರಿ ಅನಿವಾರ್ಯವಾಯಿತು. ಲಿನಕ್ಸ್ ಜಗತ್ತಿನಲ್ಲಿ ಮೊದಲು ಆ ಸ್ಥಾನ ತುಂಬಿದ್ದು ‘ಪ್ಯಾಂಗೊ’. ‘ಎಲ್ಲ’ ಎಂಬ ಗ್ರೀಕ್ ಪದವನ್ನೂ ‘ಭಾಷೆ’ ಎಂಬ ಜಪಾನೀ ಪದವನ್ನೂ ಕೂಡಿಸಿ ಕಟ್ಟಿದ ಹೆಸರು ಅದು. ಅದರ 1.0 ಆವೃತ್ತಿ 2002ರಲ್ಲಿ ಬಂತು.

ಆರಂಭದ ಪ್ಯಾಂಗೊದಲ್ಲಿ ಲ್ಯಾಟಿನ್‌ನಂತಹ ಸರಳ ಲಿಪಿಗಳಿಗೆ ಒಂದು ಮಾಡ್ಯೂಲ್, ಭಾರತೀಯ ಲಿಪಿಗಳಿಗೆ ಇನ್ನೊಂದು ಮಾಡ್ಯೂಲ್ ಇದ್ದವು. ಇವುಗಳ ಪಟ್ಟಿಯ ಕಡತವೇ ಇಲ್ಲವಾದರೆ ಎಲ್ಲ ಲಿಪಿಗಳೂ ಚೌಕಗಳಾಗುತ್ತಿದ್ದವು, ದೋಷಸೂಚನೆಯೂ ಬರುತ್ತಿತ್ತು. ಆದರೆ ಭಾರತೀಯ ಲಿಪಿಗಳ ಮಾಡ್ಯೂಲ್ ಮಾತ್ರ ಇಲ್ಲವಾದರೆ ಇಂಗ್ಲಿಷ್ ಸರಿಯಾಗಿಯೇ ಕಾಣುತ್ತಿತ್ತು. ಅದೇ ಕಾಲದ ಫೈರ್‌ಫಾಕ್ಸ್ ಬ್ರೌಸರ್‌ನ ಲಿನಕ್ಸ್ ಆವೃತ್ತಿಯಲ್ಲಿ ಪ್ಯಾಂಗೊ ಬಳಕೆ ಮೂಲತಃ ಸ್ಥಗಿತವಾಗಿತ್ತು. ಭಾರತೀಯ ಲಿಪಿಗಳನ್ನು ಓದಬಯಸುವವರು ಕಮಾಂಡ್ ಲೈನಿನಲ್ಲಿ ಒಂದು ಪರಿಸರ ಚರವನ್ನು ಹೊಂದಿಸಿ ಬ್ರೌಸರನ್ನು ತೆರೆಯಬೇಕಿತ್ತು. 2008ರ ಫೈರ್‌ಫಾಕ್ಸ್ 3ರಿಂದ ಆ ಅಗತ್ಯ ಹೋಯಿತು. ಕನ್ನಡ ‘ಇರಬಹುದು’ ದರ್ಜೆಯಲ್ಲಿ ಇದ್ದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

2012ರಲ್ಲಿ ಪ್ಯಾಂಗೊ ತನ್ನ ಅಕ್ಷರರೂಪಣೆಯ ಹೊಣೆಯನ್ನು ‘ಹಾರ್ಫ್‌ಬಜ್’ ಎಂಬ ಪ್ರತ್ಯೇಕ ಲೈಬ್ರರಿಗೆ ಒಪ್ಪಿಸಿತು. ಮರುವರ್ಷ ‘ಝೀಟೆಕ್’ ಅಕ್ಷರಜೋಡಣೆಯ ತಂತ್ರಾಂಶವೂ ಅದನ್ನೇ ಸ್ವೀಕರಿಸಿತು. ಬಿಕ್ಕೋಡಿನ ಎರಡನೆಯ ಕಕಾರವನ್ನು ಒತ್ತಾಗಿಸುವ ಕೆಲಸ ಇಂದು ಬಹುಮಟ್ಟಿಗೆ ಈ ಒಂದೇ ಲೈಬ್ರರಿಯ ಪಾಲಿಗೆ ಬಂದಿದೆ.

4. ಮೂರು ಕೊರತೆಗಳು, ಮೂರು ಪರಿಹಾರಗಳು

ಪದಗಳ ಸಮೂಹ ವಾಕ್ಯಾರ್ಥವನ್ನು ಕೊಡಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ಭಾರತೀಯ ಶಾಬ್ದಬೋಧ ಚಿಂತನೆ ಹೇಳುತ್ತದೆ. ಒಂದು ಪದ ಇನ್ನೊಂದನ್ನು ಬೇಡುವುದು ಆಕಾಂಕ್ಷೆ. ಬೇಡಿದ್ದು ಪರಸ್ಪರ ಹೊಂದಿಕೆಯಾಗುವುದು ಯೋಗ್ಯತೆ. ಹೊಂದಿಕೆಯಾಗುವವು ಬಳಿಯಲ್ಲಿರುವುದು ಸನ್ನಿಧಿ. ಲೈಬ್ರರಿಯ ಕೊರತೆಗಳನ್ನು ಇವೇ ಮೂರು ತಲೆಬರಹಗಳಲ್ಲಿ ವಿಂಗಡಿಸಿದರೆ ರೋಗನಿದಾನ ಸುಲಭವಾಗುತ್ತದೆಂದು ನಾವು ಭಾವಿಸುತ್ತೇವೆ. ಉದಾಹರಣೆಗೆ, ಮುದ್ರಿತ ಪುಟದ ಚಿತ್ರದಿಂದ ಪಠ್ಯವನ್ನು ಓದಿ ತೆಗೆಯುವ ‘ಟೆಸೆರಾಕ್ಟ್’ ತಂತ್ರಾಂಶವನ್ನು ತೆಗೆದುಕೊಳ್ಳೋಣ. ಶಾಸನ ಸಂಪುಟಗಳನ್ನು ಗಣಕೀಕರಿಸುವವರಿಗೆ ಇದು ಪರಿಚಿತ.

ಆಕಾಂಕ್ಷೆ ಪೂರೈಸದಿರುವುದು ಮೊದಲನೆಯ ಕೊರತೆ. ಕೈಗೆ ಸಿಕ್ಕ ಪ್ಯಾಕೇಜನ್ನು ಡಿಪಿಕೆಜಿಯಿಂದ ನೇರವಾಗಿ ಸ್ಥಾಪಿಸಿದಾಗ ಅದು ಬೇಡುವ ಲೈಬ್ರರಿಗಳು ಇಲ್ಲದಿದ್ದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಆಗ ಎಪಿಟಿಗೆ ‘ಫಿಕ್ಸ್-ಬ್ರೋಕನ್’ ಸೂಚನೆ ಕೊಟ್ಟರೆ ಅದು ಬಾಕಿ ಉಳಿದವನ್ನು ತರಿಸಿ ಕೆಲಸ ಪೂರೈಸುತ್ತದೆ. ದೋಷಸೂಚನೆಯಲ್ಲಿ ಕಡತದ ಹೆಸರು ಮಾತ್ರ ಕಂಡು ಪ್ಯಾಕೇಜಿನ ಹೆಸರು ತಿಳಿಯದಿದ್ದರೆ ‘ಎಪಿಟಿ-ಫೈಲ್’ ಅದನ್ನು ಹುಡುಕಿಕೊಡುತ್ತದೆ. ಟೆಸೆರಾಕ್ಟ್ ಇದ್ದೂ ಕನ್ನಡದ ದತ್ತಕಡತ ಇಲ್ಲದಿದ್ದರೆ, ಆ ಭಾಷೆಯನ್ನು ತೆರೆಯಲಾಗಲಿಲ್ಲವೆಂದು ತಂತ್ರಾಂಶವೇ ಹೇಳುತ್ತದೆ. ಕನ್ನಡದ ಪ್ಯಾಕೇಜನ್ನು ಬೇರೆಯಾಗಿ ಸ್ಥಾಪಿಸಬೇಕು.

ಯೋಗ್ಯತೆ ಇಲ್ಲದಿರುವುದು ಎರಡನೆಯದು. ಯೂನಿಕೋಡ್ ಕಾರ್ಯಗಳ ‘ಐಸಿಯು’ ಲೈಬ್ರರಿ ಪ್ರತಿ ದೊಡ್ಡ ಆವೃತ್ತಿಯಲ್ಲೂ ತನ್ನ ಕಡತದ ಹೆಸರಿನ ಅಂಕಿಯನ್ನು ಬದಲಿಸುತ್ತದೆ. ಉಬುಂಟು 20.04ರಲ್ಲಿ ಅದು 66, 22.04ರಲ್ಲಿ 70, 24.04ರಲ್ಲಿ 74. ಹಳೆಯದಕ್ಕೆ ಕಟ್ಟಿದ ತಂತ್ರಾಂಶ ಹೊಸ ವ್ಯವಸ್ಥೆಯಲ್ಲಿ 66ನ್ನೇ ಕೇಳುತ್ತದೆ. 74ರ ಕಡತಕ್ಕೆ 66ರ ಹೆಸರಿನ ಕೊಂಡಿ ಹಾಕಿ ನಂಬಿಸುವ ಉಪಾಯ ಇಲ್ಲಿ ಫಲಿಸದು, ಏಕೆಂದರೆ ಲೈಬ್ರರಿಯ ಒಳಗಿನ ಕಾರ್ಯಗಳ ಹೆಸರುಗಳಲ್ಲೂ ಆವೃತ್ತಿಯ ಅಂಕಿ ಸೇರಿರುತ್ತದೆ. ತಂತ್ರಾಂಶವನ್ನು ಹೊಸ ಲೈಬ್ರರಿಗೆ ಮರಳಿ ಕಟ್ಟುವುದು ಅಥವಾ ಆ ವ್ಯವಸ್ಥೆಗೆಂದೇ ಸಿದ್ಧವಾದ ಪ್ಯಾಕೇಜನ್ನು ಪಡೆಯುವುದೇ ಸರಿಯಾದ ಪರಿಹಾರ.

ಸನ್ನಿಧಿ ಇಲ್ಲದಿರುವುದು ಮೂರನೆಯದು. ಟೆಸೆರಾಕ್ಟನ್ನು ಮೂಲ ಸಂಕೇತದಿಂದ ಕಟ್ಟಿ ಸ್ಥಾಪಿಸಿದವರು ಮೊದಲ ಬಾರಿಗೆ ಅದನ್ನು ಚಾಲಿಸಿದಾಗ, ಆಗ ತಾನೇ ಸ್ಥಾಪಿಸಿದ ಅದರದೇ ಲೈಬ್ರರಿ ಸಿಗಲಿಲ್ಲವೆಂಬ ಸೂಚನೆ ಬರುವುದುಂಟು. ಲೈಬ್ರರಿ ಡಿಸ್ಕಿನಲ್ಲಿದೆ, ಹುಡುಕುವವನ ಪಟ್ಟಿಯಲ್ಲಿಲ್ಲ. ‘ಎಲ್‌ಡಿಡಿ’ ಎಂಬ ಆದೇಶ ಯಾವ ಯಾವ ಲೈಬ್ರರಿ ಎಲ್ಲಿ ಸಿಕ್ಕಿತು, ಯಾವುದು ಸಿಗಲಿಲ್ಲ ಎಂಬುದನ್ನು ಸಾಲುಸಾಲಾಗಿ ತೋರಿಸುತ್ತದೆ. ‘ಎಲ್‌ಡಿಕಾನ್ಫಿಗ್’ ಆ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆ. ಮರುಸ್ಥಾಪನೆಯ ಶ್ರಮ ಬೇಕಿಲ್ಲ.

ಈ ಮೂರರಲ್ಲೂ ಸಾಮಾನ್ಯವಾದ ಗುಣವೊಂದಿದೆ: ಕೊರತೆ ತನ್ನನ್ನು ತಾನು ಪ್ರಕಟಿಸಿಕೊಳ್ಳುತ್ತದೆ. ಸೂಚನೆಯನ್ನು ತಾಳ್ಮೆಯಿಂದ ಓದಿದವರಿಗೆ ದಾರಿ ಸಿಗುತ್ತದೆ.

5. ತಾತ್ಪರ್ಯದ ಕೊರತೆ

ನವ್ಯನ್ಯಾಯದ ಗ್ರಂಥಗಳು ಈ ಮೂರಕ್ಕೆ ತಾತ್ಪರ್ಯಜ್ಞಾನವನ್ನು ನಾಲ್ಕನೆಯದಾಗಿ ಸೇರಿಸುತ್ತವೆ. ಮೂರೂ ಇದ್ದು, ವಾಕ್ಯ ವ್ಯಾಕರಣಬದ್ಧವಾಗಿದ್ದೂ ಹೇಳಿದವನ ಆಶಯ ತಲುಪದೆ ಹೋಗಬಹುದು. ಕನ್ನಡದ ಗಣಕ ಪಠ್ಯಕ್ಕೆ ಒದಗಿರುವ ಗಂಭೀರವಾದ ಕೊರತೆ ಈ ಬಗೆಯದು.

ಪೈಥಾನ್ ಭಾಷೆಯಲ್ಲಿ ಚಿತ್ರಗಳನ್ನು ರಚಿಸಲು ವ್ಯಾಪಕವಾಗಿ ಬಳಸುವ ‘ಪಿಲ್ಲೊ’ ಇದಕ್ಕೆ ತಕ್ಕ ನಿದರ್ಶನ. ಚಿತ್ರದ ಮೇಲೆ ಅಕ್ಷರ ಬರೆಯಲು ಅದರಲ್ಲಿ ಎರಡು ಕ್ರಮಗಳಿವೆ. ಮೂಲ ಕ್ರಮ ಸಂಕೇತಗಳನ್ನು ಬಂದ ಹಾಗೆಯೇ ಒಂದರ ಪಕ್ಕ ಒಂದು ಇಡುತ್ತದೆ. 2017ರ 4.2 ಆವೃತ್ತಿಯಲ್ಲಿ ಬಂದ ಇನ್ನೊಂದು ಕ್ರಮ ‘ರಕ್ಮ್’ ಎಂಬ ಲೈಬ್ರರಿಯ ಮೂಲಕ ಹಾರ್ಫ್‌ಬಜ್‌ನ್ನು ಬಳಸಿ ಒತ್ತು, ಗುಣಿತಗಳನ್ನು ಸರಿಯಾಗಿ ರೂಪಿಸುತ್ತದೆ. ರಕ್ಮ್ ಸಿಕ್ಕದಿದ್ದರೆ ಪಿಲ್ಲೊ ನಿಲ್ಲುವುದಿಲ್ಲ. ಸದ್ದಿಲ್ಲದೆ ಮೂಲ ಕ್ರಮಕ್ಕೆ ಹಿಂದಿರುಗುತ್ತದೆ. ಬಿಕ್ಕೋಡಿನ ಹೆಸರು ಆಗ ಬಕಾರದ ಪಕ್ಕ ಬಿಡಿಯಾಗಿ ನಿಂತ ಇಕಾರದ ಚಿಹ್ನೆ, ಕಕಾರದ ಪಕ್ಕ ವಿರಾಮ, ಅದರಾಚೆ ಇನ್ನೊಂದು ಕಕಾರ ಎಂಬಂತೆ ಬಿಡಿಬಿಡಿಯಾಗಿ ಬರುತ್ತದೆ. ಇಂಗ್ಲಿಷ್ ಪದಕ್ಕೆ ಇಂತಹ ಹಾನಿಯಿಲ್ಲ. ತಂತ್ರಾಂಶದ ದೃಷ್ಟಿಯಲ್ಲಿ ಕೆಲಸ ಯಶಸ್ವಿಯಾಗಿದೆ.

ಇದರಲ್ಲಿ ಭಾಷಾಧ್ಯಯನ ಗಮನಿಸಬೇಕಾದ ಇನ್ನೊಂದು ಅಂಶವಿದೆ. 2021ರ 8.2 ಆವೃತ್ತಿಯಿಂದ ಪಿಲ್ಲೊದ ಸಿದ್ಧ ಪ್ಯಾಕೇಜುಗಳೊಳಗೇ ರಕ್ಮ್ ಸೇರಿಕೊಂಡಿತು. ಆದರೆ ಅದು ‘ಫ್ರಿಬಿಡಿ’ ಎಂಬ ಲೈಬ್ರರಿಯನ್ನು ಚಾಲನೆಯ ಹೊತ್ತಿನಲ್ಲಿ ಹೊರಗೆ ಹುಡುಕುತ್ತದೆ. ಫ್ರಿಬಿಡಿ ಇರುವುದು ಅರಬ್ಬಿ, ಹೀಬ್ರೂಗಳಂತೆ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳ ದಿಕ್ಕನ್ನು ನಿರ್ಧರಿಸಲು. ಕನ್ನಡಕ್ಕೆ ಅದರ ಸೇವೆ ಬೇಕಿಲ್ಲ. ಆದರೂ ಅದಿಲ್ಲದ ಗಣಕದಲ್ಲಿ ಕನ್ನಡದ ಒತ್ತು ಕೂಡುವುದಿಲ್ಲ. ಒಂದು ಲಿಪಿಯ ಕ್ಷೇಮ ಇನ್ನೊಂದು ಲಿಪಿಯ ಸಲಕರಣೆಗೆ ಕಟ್ಟುಬಿದ್ದಿದೆ. ಹೆಸರನ್ನು ನೋಡಿ ಊಹಿಸುವವರಿಗೆ ಈ ಸಂಬಂಧ ಹೊಳೆಯುವುದಿಲ್ಲ.

ಟೆಸೆರಾಕ್ಟ್‌ನಲ್ಲಿಯೂ ಇದೇ ಕಥೆ ಬೇರೆ ರೂಪದಲ್ಲಿದೆ. ಅದನ್ನು ಮೂಲ ಸಂಕೇತದಿಂದ ಕಟ್ಟುವಾಗ ಪ್ಯಾಂಗೊ ಅಥವಾ ಐಸಿಯುವಿನ ಅಭಿವೃದ್ಧಿ ಪ್ಯಾಕೇಜು ಇಲ್ಲದಿದ್ದರೆ, ತರಬೇತಿಯ ಸಲಕರಣೆಗಳನ್ನು ಕಟ್ಟುವುದಿಲ್ಲ ಎಂಬ ಸಾಲೊಂದು ಹಾದುಹೋಗುತ್ತದೆ. ಓದುವ ತಂತ್ರಾಂಶ ಮಾತ್ರ ಸಿದ್ಧವಾಗುತ್ತದೆ. ಈಗಾಗಲೇ ಕಲಿಸಿಟ್ಟ ಅಕ್ಷರಗಳಷ್ಟೇ ಸಾಕೆನ್ನುವವರಿಗೆ ನಷ್ಟವಿಲ್ಲ. ಹಳಗನ್ನಡದ ಪುಟಗಳಿಗಾಗಿ ಯಂತ್ರಕ್ಕೆ ಹೊಸದಾಗಿ ಕಲಿಸಬಯಸುವವರಿಗೆ ಬಾಗಿಲು ಮುಚ್ಚಿದೆ.

6. ಶಾಸನಪಾಠದಲ್ಲಿ ಪಣಕ್ಕಿರುವುದು

ಇದು ಅಂದಚಂದದ ಪ್ರಶ್ನೆಯಲ್ಲ ಎಂಬುದನ್ನು ಬೇಲೂರು ತಾಲ್ಲೂಕಿನ ಆಧಾರಗಳೇ ತೋರಿಸುತ್ತವೆ. ಇದೇ ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನದಲ್ಲಿ ದತ್ತಿಯ ಹೆಸರಾಗಿ ಬರುವ ‘ಬಾಳ್ಗೞ್ಚು’ ಎಂಬ ಪದ ಇಂದಿನ ಎಷ್ಟೋ ಬರಹಗಳಲ್ಲಿ ‘ಬಾಳ್ಗಳ್ಚು’ ಎಂದಾಗಿದೆ. 13ನೆಯ ಶತಮಾನದಲ್ಲಿ, ಹೊಯ್ಸಳರ ಆಳ್ವಿಕೆಯ ಕಾಲದಲ್ಲಿ, ಕೇಶಿರಾಜ ರೞ, ಕುಳ, ಕ್ಷಳಗಳನ್ನು ಬೇರ್ಪಡಿಸಿ ವಿವರಿಸಬೇಕಾಗಿ ಬಂದದ್ದು ಆ ವ್ಯತ್ಯಾಸ ಆಗಲೇ ಮಸುಕಾಗುತ್ತಿದ್ದುದರಿಂದ. ಸ್ವರಗಳ ನಡುವಿನ ೞಕಾರ ಳಕಾರವಾಯಿತು: ಪೞೆಯದು ಹಳೆಯದಾಯಿತು. ವ್ಯಂಜನದ ಮುಂಚೆ ಅದು ರೇಫೆಯಾಯಿತು: ಕೞ್ಚು ಎಂಬುದು ಕರ್ಚು ಆಯಿತು. ‘ಕಳ್ಚು’ ಎಂದು ಬರೆದುಬಿಟ್ಟರೆ ಈ ಎರಡು ದಾರಿಗಳ ಕವಲು ಪಠ್ಯದಲ್ಲಿ ಉಳಿಯುವುದಿಲ್ಲ.

ಯೂನಿಕೋಡ್‌ನಲ್ಲಿ ೞಕಾರಕ್ಕೆ ಆರಂಭದಿಂದಲೂ ಸ್ಥಾನವಿದೆ. ಆದರೆ ಅದರ ಅಧಿಕೃತ ಹೆಸರು ‘ಫ’ ಎಂದು ತಪ್ಪಾಗಿ ದಾಖಲಾಯಿತು. ಹೆಸರುಗಳನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಮೂಲ ಹೆಸರು ಹಾಗೆಯೇ ಉಳಿದಿದ್ದು, ತಿದ್ದುಪಡಿಯ ಪರ್ಯಾಯ ನಾಮವನ್ನು ಜೊತೆಗಿಟ್ಟಿದ್ದಾರೆ. ಹೆಸರಿನ ಮೂಲಕ ಅಕ್ಷರವನ್ನು ಹುಡುಕುವ ತಂತ್ರಾಂಶ ಈ ಪರ್ಯಾಯ ನಾಮಗಳ ಪಟ್ಟಿಯನ್ನು ಓದದಿದ್ದರೆ ಕನ್ನಡದ ೞಕಾರ ಅದಕ್ಕೆ ಸಿಗುವುದಿಲ್ಲ. ಹಳೆಯ ಶಾಸನಗಳಲ್ಲಿ ಸ್ವರವಿಲ್ಲದ ನಕಾರಕ್ಕೆ ಬಳಕೆಯಾದ ‘ನಕಾರ ಪೊಲ್ಲು’ 2021ರ ಯೂನಿಕೋಡ್ 14ರಲ್ಲಷ್ಟೇ ಸೇರಿತು. ಅದನ್ನು ಅರಿತ ಹಾರ್ಫ್‌ಬಜ್ 3.0, ಐಸಿಯು 70 ಅದೇ ವರ್ಷ ಬಂದವು. ಅದಕ್ಕಿಂತ ಹಿಂದಿನ ಲೈಬ್ರರಿಗೆ ಆ ಸಂಕೇತದ ಗುಣಲಕ್ಷಣಗಳು ತಿಳಿಯವು. ಇಲ್ಲಿ ಯೋಗ್ಯತೆಯ ಕೊರತೆಯೇ ತಾತ್ಪರ್ಯದ ಕೊರತೆಯಾಗಿ ಪರಿಣಮಿಸುತ್ತದೆ.

ರೇಫೆಯ ವಿಷಯದಲ್ಲಿ ಅಪಾಯ ಇನ್ನೂ ಸೂಕ್ಷ್ಮ. ರಕಾರ, ವಿರಾಮ, ವ್ಯಂಜನ ಎಂಬ ಸಾಲನ್ನು ಲೈಬ್ರರಿ ಅರ್ಕಾವೊತ್ತಾಗಿ ರೂಪಿಸುತ್ತದೆ. ರಕಾರ ಪೂರ್ಣವಾಗಿ ನಿಂತು ಮುಂದಿನ ವ್ಯಂಜನ ಒತ್ತಾಗಬೇಕಾದರೆ ರಕಾರಕ್ಕೂ ವಿರಾಮಕ್ಕೂ ನಡುವೆ ಅಗೋಚರವಾದ ಜೋಡಕ ಸಂಕೇತ ಬೇಕು. ದಿನಪತ್ರಿಕೆಯ ‘ರ‍್ಯಾಲಿ’ ಎಂಬ ಪದದಲ್ಲಿ ಅದೇ ಇರುವುದು. ಮೂಲದ ಬರವಣಿಗೆಯ ರೂಪವನ್ನು ಉಳಿಸಬಯಸುವ ಸಂಪಾದಕರಿಗೂ ಇದೇ ಆಧಾರ. ಈ ಸಂಕೇತವನ್ನು ಅರಿಯದ ತಂತ್ರಾಂಶದ ಮೂಲಕ ಪಠ್ಯ ಹಾದುಬಂದರೆ ಲಿಪಿಕಾರ ಬರೆದದ್ದು ಒಂದು, ನಾವು ಓದುವುದು ಇನ್ನೊಂದು. ಆ ವ್ಯತ್ಯಾಸವನ್ನು ಲಿಪಿಕಾರನ ರೂಢಿಯೆಂದು ಬಗೆದು ಲಿಪಿಶಾಸ್ತ್ರದ ನಿರ್ಣಯಕ್ಕೆ ಹೋಗುವ ಸಾಧ್ಯತೆ ಕಾಲ್ಪನಿಕವಲ್ಲ. ಕೆಟ್ಟ ರೂಪದ ಚಿತ್ರಗಳಿಂದಲೇ ಯಂತ್ರಕ್ಕೆ ಓದು ಕಲಿಸಿದರೆ ದೋಷ ಒಂದು ಪಠ್ಯಕ್ಕೆ ಸೀಮಿತವಾಗಿ ಉಳಿಯದು.

7. ಉಪಸಂಹಾರ

ಮೊಳೆಯ ಕಾಲದಲ್ಲಿ ಖಾಲಿ ಜಾಗ, ಫಾಂಟಿನ ಕಾಲದಲ್ಲಿ ಲ್ಯಾಟಿನ್ ರಾಶಿ, ಲೈಬ್ರರಿಯ ಕಾಲದಲ್ಲಿ ಮೌನ: ಕೊರತೆ ಕ್ರಮೇಣ ಕಣ್ಮರೆಯಾದ ಚರಿತ್ರೆಯಿದು. ಸಾಧನಗಳು ಉತ್ತಮವಾದಂತೆಲ್ಲ ಕೊರತೆಯನ್ನು ಗುರುತಿಸುವ ಹೊಣೆ ಬಳಸುವವರ ಮೇಲೆ ಹೆಚ್ಚು ಬಿದ್ದಿದೆ.

ಇದರಿಂದ ಎರಡು ಕರ್ತವ್ಯಗಳು ಒದಗುತ್ತವೆ. ಕನ್ನಡ ಪಠ್ಯವನ್ನು ನಿರ್ವಹಿಸುವ ತಂತ್ರಾಂಶವನ್ನು ರೂಪಿಸುವವರು ಅಕ್ಷರರೂಪಣೆಯ ಲೈಬ್ರರಿಯನ್ನು ‘ಇರಬಹುದು’ ಎಂಬ ದರ್ಜೆಯಿಂದ ‘ಬೇಕೇ ಬೇಕು’ ಎಂಬ ದರ್ಜೆಗೆ ಏರಿಸಬೇಕು. ಅದಿಲ್ಲದಿದ್ದರೆ ಹಿಂದಿರುಗದೆ ನಿಲ್ಲಬೇಕು. ನಿಂತ ಯಂತ್ರವನ್ನು ಅರ್ಧ ಗಂಟೆಯಲ್ಲಿ ಸರಿಪಡಿಸಬಹುದು. ಕೆಟ್ಟ ಪಠ್ಯಸಂಗ್ರಹವನ್ನು ಸರಿಪಡಿಸಲು ವರ್ಷಗಳು ಸಾಲವು. ಪಠ್ಯಸಂಗ್ರಹಗಳನ್ನು ಪ್ರಕಟಿಸುವ ವಿದ್ವಾಂಸರು ಬಳಸಿದ ಲೈಬ್ರರಿಗಳ ಹೆಸರನ್ನೂ ಆವೃತ್ತಿಯನ್ನೂ, ಪ್ರತಿಯ ಮೂಲವನ್ನು ದಾಖಲಿಸುವಷ್ಟೇ ನಿಷ್ಠೆಯಿಂದ ದಾಖಲಿಸಬೇಕು. ಕೆಲಸ ಆರಂಭಿಸುವ ಮುನ್ನ ಒಂದು ಚಿಕ್ಕ ಪದಪಟ್ಟಿಯನ್ನು ಬರೆಯಿಸಿ ಕಣ್ಣಾರೆ ನೋಡಬೇಕು. ಒತ್ತಿಗೂ ಓಕಾರಕ್ಕೂ ಬಿಕ್ಕೋಡು, ೞಕಾರಕ್ಕೆ ಬಾಳ್ಗೞ್ಚು, ಅರ್ಕಾವೊತ್ತಿಗೆ ಕರ್ಚು, ಜೋಡಕ ಸಂಕೇತಕ್ಕೆ ರ‍್ಯಾಲಿ: ಈ ನಾಲ್ಕು ಪದಗಳು ಸರಿಯಾಗಿ ಮೂಡಿದರೆ ಕನ್ನಡದ ಅವಲಂಬನೆಗಳು ಬಹುಮಟ್ಟಿಗೆ ಪೂರೈಸಿವೆ ಎಂದು ನಂಬಿ ಮುಂದುವರಿಯಬಹುದು.